ಬಿದ್ದವನ ಬಳಿಗೆ ಓಡುವ ಮುನ್ನ

ಅಣ್ಣನ ಒಂದು ಕಾಲು ನೆಲದಡಿಯ ನೀರಿನ ಸಂಪಿನ ಏಣಿಯ ಮೇಲಿತ್ತು, ಇನ್ನೊಂದು ಹೊರಗೆ ಸಿಮೆಂಟಿನ ಮೇಲೆ. ಒಳಗೆ ಒಬ್ಬ ಮನುಷ್ಯ ಬಿದ್ದಿದ್ದ. ಯಾಕೆ ಬಿದ್ದ ಎಂದು ನಮಗಾರಿಗೂ ಗೊತ್ತಿರಲಿಲ್ಲ. ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಸಿಕಂದ್ರಾಬಾದಿನ ಪಕ್ಕದ ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನ ಹಿತ್ತಲಲ್ಲಿ ನಾನು ಕಣ್ಣಾರೆ ಕಂಡದ್ದು ಇದು. ಅಣ್ಣ ಬದುಕಿದ್ದಾನೆ. ದಿನವೂ ಡಬ್ಬಿ ಕಟ್ಟಿಸಿಕೊಂಡು ಸನತ್‌ನಗರದ ಕಾರ್ಖಾನೆಗೆ ಹೋಗುತ್ತಾನೆ. ಆದರೂ ಕೊಂಡಾಪುರದ ನನ್ನ ಕಚೇರಿಯಲ್ಲಿ ಲಿಫ್ಟಿಗೆ ಕಾಯುವಾಗ, ಕುಕ್ಕರಿನ ಕೂಗಿಗೆ ಕಿವಿಗೊಟ್ಟು ನಿಂತಾಗ, ಆ ಕಾಲು ಕಣ್ಣ ಮುಂದೆ ಬರುತ್ತದೆ. ಒಮ್ಮೊಮ್ಮೆ ಎರಡನೆಯ ಕಾಲೂ ಒಳಗೆ ಹೋಗಿಬಿಡುತ್ತದೆ.

ಅದನ್ನು ಹೇಳುವ ಮೊದಲು ನಮ್ಮ ಮನೆಯ ಆಟದ ಬಗ್ಗೆ ಹೇಳಬೇಕು. ಯಾಕೆಂದರೆ ಆ ಹೊತ್ತಿಗೆ ನನ್ನ ಬಾಯಿಂದ ಬಂದ ಮಾತು ಆ ಆಟದ್ದು.

ಮೊಬೈಲಿನಲ್ಲಿ ಆಡುವ ಯುದ್ಧದ ಆಟ ಅದು. ನಾಲ್ಕು ನಾಲ್ಕು ಜನರ ತಂಡಗಳು ವಿಮಾನದಿಂದ ಒಂದು ದ್ವೀಪದ ಮೇಲೆ ಬರಿಗೈಯಲ್ಲಿ ಹಾರುತ್ತವೆ. ಖಾಲಿ ಮನೆಗಳಲ್ಲಿ ಬಂದೂಕು, ಗುಂಡು, ಗಾಯದ ಪಟ್ಟಿ ಹುಡುಕಿಕೊಳ್ಳಬೇಕು. ಸುತ್ತಲೂ ಒಂದು ವರ್ತುಲ ಕುಗ್ಗುತ್ತ ಬರುತ್ತದೆ. ಅದರ ಹೊರಗೆ ಉಳಿದವರ ಜೀವ ಕರಗುತ್ತದೆ. ಕೊನೆಗೆ ಉಳಿಯುವ ತಂಡ ಗೆದ್ದಂತೆ. ಹುಡುಗರ ಆಟ ಎಂದು ಎಲ್ಲರೂ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಆಡುತ್ತಿದ್ದವರು ನಾನು, ಅಣ್ಣ, ವೈನಿ ಮತ್ತು ಅಪ್ಪ. ವೈನಿ ಅಂದರೆ ಅಣ್ಣನ ಹೆಂಡತಿ. ನಮ್ಮ ನಾಲ್ವರಲ್ಲಿ ಸರಿಯಾಗಿ ಗುರಿ ಇಡಲು ಬರುತ್ತಿದ್ದದ್ದು ಆಕೆಯೊಬ್ಬಳಿಗೇ. ಅಪ್ಪ ರೈಲಿನ ಎಂಜಿನ್ ಓಡಿಸಿ ನಿವೃತ್ತರಾದವರು. ವಾಡಿ ಜಂಕ್ಷನ್ನಿನಿಂದ ವರ್ಗವಾಗಿ ಇಲ್ಲಿಗೆ ಬಂದು, ಇಲ್ಲೇ ಮನೆ ಮಾಡಿ, ತೆಲುಗಿನಲ್ಲಿ ತರಕಾರಿ ಕೊಂಡು ಕನ್ನಡದಲ್ಲಿ ಬೈಯುತ್ತ ಇದ್ದವರು. ಅವ್ವ ತೀರಿಕೊಂಡ ಮೇಲೆ ಅಪ್ಪ ಸಂಜೆಗಳಲ್ಲಿ ಬಾಲ್ಕನಿಯಲ್ಲಿ ಸುಮ್ಮನೆ ಕೂರತೊಡಗಿದಾಗ ವೈನಿಯೇ ಅವರ ಕೈಗೆ ಫೋನ್ ಕೊಟ್ಟಳು.

"ಬರ್ರಿ ಮಾವಾರ, ಒಬ್ಬರು ಕಡಿಮಿ ಬೀಳಾಕತ್ತಾರ."

"ನನಗೇನ ಬರತೈತಿ ಅದು?"

"ಬರೂದು ಬ್ಯಾಡ್ರಿ, ನಿಂತರ ಸಾಕು. ನಿಮ್ಮ ಮಗಂಗ ನಿಂದರಾಕೂ ಬರಂಗಿಲ್ಲ."

ಮೊದಮೊದಲು ನಾವು ಇಳಿದ ಕೂಡಲೇ ಸಾಯುತ್ತಿದ್ದೆವು. ಹೊಸಬರೆಲ್ಲ ಮಾಡುವ ತಪ್ಪನ್ನೇ ಮಾಡುತ್ತಿದ್ದೆವು. ಒಬ್ಬೊಬ್ಬರು ಒಂದೊಂದು ಕಡೆ ಹಾರಿ, ಒಳ್ಳೆಯ ಬಂದೂಕು ಎಲ್ಲಿದೆಯೋ ಅಲ್ಲಿಗೆ ಓಡುವುದು. ಒಳ್ಳೆಯ ಬಂದೂಕು ಇರುವಲ್ಲಿ ಅದನ್ನು ಬಯಸುವವರೂ ಇರುತ್ತಾರೆ ಎಂಬುದು ತಿಳಿಯಲು ಬಹಳ ಸಲ ಸಾಯಬೇಕಾಯಿತು. ಆಮೇಲೆ ವೈನಿ ಒಂದು ಕ್ರಮ ತಂದಳು. ಹಾರುವ ಜಾಗ ಅವಳು ಆರಿಸುವುದು, ಉಳಿದವರು ಅವಳ ಹಿಂದೆಯೇ ಇಳಿಯುವುದು. ದ್ವೀಪದ ಮೂಲೆಯಲ್ಲಿ ಯಾರಿಗೂ ಬೇಡವಾದ ನಾಲ್ಕು ಮನೆ. ಒಬ್ಬರಿಗೊಂದು ಮನೆ, ಆದರೆ ಒಬ್ಬರ ಕಿಟಕಿಯಿಂದ ಇನ್ನೊಬ್ಬರ ಬಾಗಿಲು ಕಾಣುತ್ತಿರಬೇಕು. ಸಿಕ್ಕದ್ದನ್ನು ಹೇಳಬೇಕು, ಹೆಚ್ಚಾದದ್ದನ್ನು ಕೊಡಬೇಕು. ಈ ಕೊಡುವುದೊಂದು ಅಪ್ಪನಿಂದ ಆಗುತ್ತಿರಲಿಲ್ಲ. ಕಂಡ ಪಟ್ಟಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು.

"ಅಷ್ಟೊಂದು ಪಟ್ಟಿ ಯಾಕ್ರಿ ಮಾವಾರ? ದವಾಖಾನಿ ತೆಗೀತೀರೇನು?"

"ಮುಂದ ಬೇಕಾಗತಾವ."

"ಮುಂದ ಹೋಗೂತನ ನಾವ ಇರಬೇಕಲ್ರಿ!"

ವರ್ತುಲದ ವಿಷಯದಲ್ಲಿ ಮಾತ್ರ ಅಪ್ಪನೇ ಸರಿ. ಅದು ಕುಗ್ಗುವ ಮುಂಚೆಯೇ ಹೊರಡಬೇಕು, ಕೊನೆ ಗಳಿಗೆಯಲ್ಲಿ ಬಯಲಲ್ಲಿ ಓಡಬಾರದು ಎಂಬುದು ಅವರ ಹಟ. ಗಾಡಿ ಬಿಡುವ ಹೊತ್ತಿಗೆ ಪ್ಲಾಟ್‌ಫಾರಂ ಮೇಲೆ ಓಡುವವರನ್ನು ಜೀವಮಾನವೆಲ್ಲ ನೋಡಿದವರು. ಮುಂಚೆ ಹೋಗಿ ಗೋಡೆಯ ಮರೆ ಹಿಡಿದು ಕೂತರೆ, ತಡವಾಗಿ ಬರುವವರು ತಾವಾಗಿ ನಮ್ಮೆದುರು ಹಾಯುತ್ತಿದ್ದರು. ಹಾಗೆಂದು ಕಂಡವರಿಗೆಲ್ಲ ಗುಂಡು ಹಾರಿಸಬಾರದು ಎಂಬುದನ್ನು ನಾನು ಕಲಿತೆ. ಒಂದು ಗುಂಡಿನ ಸದ್ದಿಗೆ ಮೂರು ತಂಡಗಳು ನಮ್ಮತ್ತ ತಿರುಗುತ್ತವೆ. ಸುಮ್ಮನೆ ಬಿಟ್ಟು ಕಳಿಸುವುದು ಹೊಡೆಯುವುದಕ್ಕಿಂತ ಕಷ್ಟದ ವಿದ್ಯೆ.

ಆದರೆ ನಮ್ಮನ್ನು ನಿಜವಾಗಿ ಒಂದು ತಂಡ ಮಾಡಿದ್ದು ಅಪ್ಪ ಎಂಜಿನ್ನಿನಿಂದ ಹೊತ್ತು ತಂದ ಒಂದು ರೂಢಿ. ಎಂಜಿನ್ ಓಡಿಸುವವನೂ ಅವನ ಜೊತೆಗಾರನೂ ದೂರದಲ್ಲಿ ಸಿಗ್ನಲ್ ಕಂಡ ತಕ್ಷಣ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ಒಬ್ಬ ಕೂಗಿದ್ದನ್ನು ಇನ್ನೊಬ್ಬ ತಾನೂ ನೋಡಿ ತಿರುಗಿ ಕೂಗಬೇಕು. ಇಬ್ಬರ ಕಣ್ಣೂ ಸರಿಯಿದ್ದರೂ, ಬಣ್ಣ ಎಷ್ಟೇ ಸ್ಪಷ್ಟವಿದ್ದರೂ ಕೂಗಲೇಬೇಕು. ಅಪ್ಪ ನಿವೃತ್ತರಾದ ಮೇಲೂ ಆಟೋದಲ್ಲಿ ಕೂತು ಚೌರಸ್ತೆಯ ದೀಪ ನೋಡಿ "ಕೆಂಪು" ಅನ್ನುತ್ತಾರೆ. ಆಟೋದವನು ಸುಮ್ಮನಿದ್ದರೆ ಅವರಿಗೆ ಕಿರಿಕಿರಿ.

ಆಟದಲ್ಲಿ ನಾವು "ಅಲ್ಲಿ ಅಲ್ಲಿ, ಬಂದಾ ಬಂದಾ" ಎಂದು ಕಿರುಚುವುದನ್ನು ಕೇಳಿ ಅಪ್ಪ ಒಂದು ಸಂಜೆ ಫೋನನ್ನು ತೊಡೆಯ ಮೇಲಿಟ್ಟುಬಿಟ್ಟರು.

"ಅಲ್ಲಿ ಅಂದ್ರ ಎಲ್ಲಿ? ಸಿಕಂದ್ರಾಬಾದಾ, ವಾಡಿಯಾ?"

"ಅಲ್ಲೇ ಅಪ್ಪಾ, ಗಿಡದ ಹಿಂದ!" ಎಂದ ಅಣ್ಣ.

"ದ್ವೀಪದ ತುಂಬ ಗಿಡ ಅದಾವ. ದಿಕ್ಕು ಹೇಳು, ಏನು ಕಾಣತೈತಿ ಹೇಳು, ಎಷ್ಟು ಮಂದಿ ಹೇಳು. ಆಮ್ಯಾಲ ಬಾಯಿ ಮುಚ್ಚು. ಕೇಳಿದಾಂವ ತಿರುಗಿ ಅನ್ನಬೇಕು. ತಿರುಗಿ ಅನ್ನಲಿಲ್ಲಂದ್ರ ಕೇಳಿಲ್ಲ ಅಂತ ತಿಳೀಬೇಕು."

ಹಾಗೆ ಶುರುವಾಯಿತು. "ಬಡಗಣ, ನೀರಿನ ಟಾಕಿ, ಇಬ್ಬರು" ಎಂದು ನಾನು. "ನೀರಿನ ಟಾಕಿ, ಇಬ್ಬರು" ಎಂದು ಅಣ್ಣ. ಮೊದಲು ನಗು ಬರುತ್ತಿತ್ತು. ವೈನಿ ಅಡುಗೆಮನೆಯಿಂದ "ಉಪ್ಪು ಮುಗದೈತಿ" ಅಂದರೆ ಅಣ್ಣ ಹಾಸಿಗೆಯ ಮೇಲಿಂದ "ಉಪ್ಪು ಮುಗದೈತಿ" ಅನ್ನುವನು. ತರುವುದು ಮಾತ್ರ ಇಲ್ಲ. ಆದರೆ ಆಟದಲ್ಲಿ ಅದು ಕೆಲಸ ಮಾಡಿತು. ತಿರುಗಿ ಹೇಳಬೇಕಾದರೆ ಕೇಳಲೇಬೇಕು, ಕೇಳಬೇಕಾದರೆ ಒಂದು ಉಸಿರಿನಷ್ಟಾದರೂ ನಿಲ್ಲಬೇಕು. ಕ್ರಮೇಣ ಅದು ನಾಲಗೆಗೆ ಅಂಟಿಕೊಂಡಿತು. ಯಾರು ಏನು ಅಂದರೂ ಯೋಚಿಸುವ ಮೊದಲೇ ಬಾಯಿ ಅದನ್ನು ತಿರುಗಿ ಅನ್ನುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಅಣ್ಣ ಕೊನೆಯವರೆಗೂ ಹೊಸಬನಾಗಿಯೇ ಉಳಿದ. ಆಟದಲ್ಲಿ ಗುಂಡು ತಾಗಿದವನು ಕೂಡಲೇ ಸಾಯುವುದಿಲ್ಲ. ಮೊಣಕಾಲ ಮೇಲೆ ತೆವಳುತ್ತಿರುತ್ತಾನೆ. ಜೊತೆಗಾರ ಬಂದು ಪಕ್ಕದಲ್ಲಿ ಕೂತು ಎಬ್ಬಿಸಿದರೆ ಬದುಕುತ್ತಾನೆ. ಎಬ್ಬಿಸುವಷ್ಟು ಹೊತ್ತು ಆ ಜೊತೆಗಾರನ ಕೈಯಲ್ಲಿ ಬಂದೂಕಿರುವುದಿಲ್ಲ. ಹೊಡೆದವನಿಗೆ ಇದು ಗೊತ್ತು. ಅವನು ಬಿದ್ದವನನ್ನು ಪೂರ್ತಿ ಕೊಲ್ಲದೆ ಹಾಗೇ ಬಿಟ್ಟು, ಓಡಿ ಬರುವವನಿಗಾಗಿ ಕಾಯುತ್ತಾನೆ. ಆದ್ದರಿಂದ ಮೊದಲು ಹೊಡೆದವನು ಎಲ್ಲಿದ್ದಾನೆ ಎಂದು ನೋಡಬೇಕು. ಅವನು ಕಾಣದಿದ್ದರೆ ಹೊಗೆ ಹಾಕಬೇಕು, ಬಿದ್ದವನಿಗೇ ಗೋಡೆಯ ಮರೆಗೆ ತೆವಳಲು ಹೇಳಬೇಕು, ಒಬ್ಬರು ಎಬ್ಬಿಸುವಾಗ ಇಬ್ಬರು ಕಾಯಬೇಕು. ಇದು ಅಣ್ಣನಿಗೆ ಬಾಯಿಪಾಠ. ಆದರೆ ನಮ್ಮಲ್ಲಿ ಯಾರು ಬಿದ್ದರೂ ಬಯಲಲ್ಲಿ ಎದ್ದುಬಿದ್ದು ಓಡಿ ಬಂದು ಪಕ್ಕದಲ್ಲೇ ಹೆಣವಾಗುತ್ತಿದ್ದ.

"ಏನ್ರೀ, ನಾ ಒಬ್ಬಾಕಿ ಸತ್ತರ ಮೂರು ಮಂದಿ ಉಳೀತಿದ್ರಿ. ಈಗ ನೋಡ್ರಿ!" ಎಂದು ವೈನಿ ರೇಗುವಳು.

"ನೀ ಬಿದ್ದಿದ್ದಿ. ಮತ್ತೇನ ಮಾಡಲಿ?"

"ನೋಡ್ರಿ. ಮೊದಲ ನೋಡ್ರಿ."

ಅದಕ್ಕಾಗಿ ನನಗೊಂದು ಕೆಲಸ ಒಪ್ಪಿಸಿದ್ದರು. ಯಾರಾದರೂ ಬಿದ್ದ ತಕ್ಷಣ ನಾನು ಎರಡರಲ್ಲಿ ಒಂದು ಕೂಗಬೇಕು: "ಹೊಡದಾಂವ ಕಂಡ" ಅಥವಾ "ಹೊಡದಾಂವ ಕಾಣವಲ್ಲ". ಅಣ್ಣ ಅದನ್ನು ತಿರುಗಿ ಅನ್ನಬೇಕು. ಕಾಣದಿದ್ದರೆ ಹೋಗುವಂತಿಲ್ಲ. ಬಹಳ ಸಲ ಅವನು "ಕಾಣವಲ್ಲ" ಎಂದು ಕೂಗುತ್ತಲೇ ಓಡಿ ಸಾಯುತ್ತಿದ್ದ. ಕೆಲವು ಸಲ ನಿಲ್ಲುತ್ತಿದ್ದ.

ಆ ಭಾನುವಾರ ನಮ್ಮ ಕಟ್ಟಡದ ಹಳೆಯ ಸಂಪನ್ನು ತೊಳೆಸುವುದಿತ್ತು. ಬೋರ್ ಬತ್ತಿದ ಮೇಲೆ ಅದನ್ನು ಮುಚ್ಚಿ ಎಷ್ಟೋ ಕಾಲವಾಗಿತ್ತು. ಬೇಸಿಗೆಗೆ ಇನ್ನೊಂದು ಟ್ಯಾಂಕರ್ ನೀರು ತುಂಬಿಸಲು ಅದೂ ಬೇಕೆಂದು ಕಟ್ಟಡದವರು ತೀರ್ಮಾನಿಸಿದ್ದರು. ತೊಳೆಯಲು ಬಂದವನು ಅಣ್ಣನ ವಯಸ್ಸಿನವನು, ಕೆಂಪು ಟೀ ಶರ್ಟು, ಕೈಯಲ್ಲಿ ಬಕೆಟ್ಟು, ಪೊರಕೆ. ಅಣ್ಣ ತೆಲುಗಿನಲ್ಲಿ ಏನೋ ಕೇಳಿದ. ಅವನು ತೆಲುಗಿನಲ್ಲೇ ಉತ್ತರಿಸಿದ. ಆಮೇಲೆ ಮುಚ್ಚಳದ ಕಬ್ಬಿಣ ಬೆರಳಿಗೆ ತಾಗಿದಾಗ ಅವನ ಬಾಯಿಂದ "ಎಪ್ಪಾ" ಹೊರಟಿತು.

"ಯಾವೂರಪಾ?" ಎಂದ ಅಣ್ಣ.

"ಯಾದಗಿರಿ ಕಡೀರಿ. ನೀವೂ ನಮ್ಮ ಮಂದೀನ ಏನ್ರಿ? ಮತ್ತ ಇಷ್ಟೊತ್ತನ ನನ್ನ ಕೂಡ ತೆಲುಗು ಹಚ್ಚೀರಲ್ರಿ!"

"ನೀ ಹಚ್ಚಿದಿ, ನಾ ಹಚ್ಚಿದೆ."

ಇಬ್ಬರೂ ನಕ್ಕರು. ನಾನು ಹಿತ್ತಲ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತಿದ್ದೆ. ಅಪ್ಪ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಅವನು ಮುಚ್ಚಳ ಸರಿಸಿದವನೇ ಒಂದು ಕ್ಷಣವೂ ಕಾಯದೆ ಏಣಿ ಇಳಿದ. ಇಳಿಯುತ್ತ ಮಾತಾಡುತ್ತಲೇ ಇದ್ದ: ಮಿಯಾಪುರದಲ್ಲಿ ಸೆಂಟ್ರಿಂಗ್ ಕೆಲಸ, ಭಾನುವಾರ ಇಂಥದ್ದು, ಹೆಂಡತಿ ಊರಿಗೆ ಹೋಗ್ಯಾಳ. ಆ ಮಾತು ನಡುವೆ ನಿಂತಿತು. ನೀರಿನಲ್ಲಿ ಏನೋ ಕುಸಿದ ಸದ್ದು. ಕೂಗಲಿಲ್ಲ, ನರಳಲಿಲ್ಲ. ರೇಡಿಯೊ ಆರಿಸಿದಂತೆ ಮಾತು ಆರಿತು.

ಅಣ್ಣ ಚಪ್ಪಲಿ ಬಿಟ್ಟ. ಸಂಪಿನ ಬಾಯಿಗೆ ಹೋಗಿ ಬಗ್ಗಿ ನೋಡಿ "ಬಿದ್ದಾನ" ಎಂದ. ಒಂದು ಕಾಲನ್ನು ಏಣಿಗೆ ಇಟ್ಟ.

ನನಗೆ ವಿಷಗಾಳಿಯ ಬಗ್ಗೆ ಏನೂ ಹೊಳೆಯಲಿಲ್ಲ. ಓದಿದ್ದೆ, ಮುಚ್ಚಿಟ್ಟ ಸಂಪು, ಗುಂಡಿ, ಒಬ್ಬನ ಹಿಂದೆ ಒಬ್ಬರು ಇಳಿದು ಸತ್ತ ಸುದ್ದಿ ಪೇಪರಿನಲ್ಲಿ ಎಷ್ಟೋ ಸಲ ಓದಿದ್ದೆ. ಅದೊಂದೂ ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಬಾಯಿ ತಾನಾಗಿ ಕೂಗಿತು:

"ಹೊಡದಾಂವ ಕಾಣವಲ್ಲ!"

ಹಗಲು ಬೆಳಕಿನಲ್ಲಿ, ಸಂಪಿನ ಪಕ್ಕದಲ್ಲಿ, ಇಂಥ ಮಾತು. ಪೈಪು ಹಿಡಿದು ನಿಂತಿದ್ದ ವಾಚ್‌ಮನ್ ನನ್ನ ಮುಖ ನೋಡಿದ. ಅಣ್ಣ ನನ್ನತ್ತ ತಿರುಗಲೂ ಇಲ್ಲ. ಆದರೆ ಅವನ ಬಾಯಿ "ಕಾಣವಲ್ಲ" ಎಂದಿತು. ಎಂದು, ಅಲ್ಲೇ ನಿಂತ. ಒಂದು ಕಾಲು ಒಳಗೆ, ಒಂದು ಹೊರಗೆ.

ಎಷ್ಟು ಹೊತ್ತು ನಿಂತನೋ. ಅಪ್ಪ ಕುರ್ಚಿಯಿಂದ ಎದ್ದು ಬಂದು ಅವನ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆಯುವಷ್ಟು ಹೊತ್ತು. ಅಪ್ಪನ ಮೊಣಕಾಲು ನೋವಿನವು. ಅವರು ಓಡಿದ್ದನ್ನು ನಾನು ಅದಕ್ಕೆ ಮೊದಲು ಎಂದೂ ನೋಡಿರಲಿಲ್ಲ. ಅಣ್ಣ ಬೆನ್ನ ಮೇಲೆ ಬಿದ್ದ. ಅಪ್ಪ ಅವನ ಕಾಲುಗಳ ಮೇಲೆ ಕೂತುಬಿಟ್ಟರು.

"ಬಿಡ್ರಿ ಅಪ್ಪಾ! ಅಂವ ಉಸರಾಡಾಕತ್ತಾನ, ನಾ ಈಗ ನೋಡಿದೆ!"

"ಉಸರಾಡಲಿ. ನೀನೂ ಇಲ್ಲೇ ಉಸರಾಡು."

ಒಳಗೆ ಮೊಣಕಾಲುದ್ದ ನೀರಿತ್ತು. ಅವನು ಗೋಡೆಗೆ ಒರಗಿ ಕುಸಿದಿದ್ದ. ತಲೆ ನೀರಿನ ಮೇಲೆ ಇತ್ತು. ಗದ್ದಲ ಕೇಳಿ ಮನೆಯೊಳಗಿಂದ ಓಡಿ ಬಂದ ವೈನಿ ಅಗ್ನಿಶಾಮಕದವರಿಗೆ ಫೋನ್ ಮಾಡಿ ವಿಳಾಸವನ್ನು ಗಟ್ಟಿಯಾಗಿ, ಒಂದೊಂದೇ ಮಾತಾಗಿ ಹೇಳುತ್ತಿದ್ದಳು. ಆ ಕಡೆಯಿಂದ ತಿರುಗಿ ಹೇಳುವವರೆಗೂ ಬಿಡಲಿಲ್ಲ. ನಾನೂ ವಾಚ್‌ಮನ್ನೂ ಸಂಪಿನ ಎರಡನೆಯ ಮುಚ್ಚಳ ಎತ್ತಿದೆವು. ನಮ್ಮ ನಡುಮನೆಯಲ್ಲಿದ್ದ ಏರ್ ಕೂಲರನ್ನು ಎಳೆದು ತಂದು ಅದರ ಮುಖವನ್ನು ಸಂಪಿನ ಬಾಯಿಗೆ ತಿರುಗಿಸಿ ಹಚ್ಚಿದೆವು. ಅಣ್ಣ ಅರ್ಧ ಹೊರಳಿ ನೆಲಕ್ಕೆ ಕೆನ್ನೆ ಹಚ್ಚಿ, ಸಂಪಿನ ಕಡೆ ತಿರುಗಿ ಕೂಗುತ್ತಲೇ ಇದ್ದ: "ಏ ಯಪ್ಪಾ, ಕೇಳತೈತೇನು? ಬರಾಕತ್ತಾರ, ಬರಾಕತ್ತಾರ." ಒಳಗಿನಿಂದ ಯಾರೂ ಏನನ್ನೂ ತಿರುಗಿ ಅನ್ನಲಿಲ್ಲ.

ಕೆಂಪು ಗಾಡಿ ಬಂತು. ಮುಂದೆ ಇಳಿದವನು ಮೊದಲು ಕೇಳಿದ್ದು ಅವನು ಬಿದ್ದು ಎಷ್ಟು ಹೊತ್ತಾಯಿತು ಎಂದಲ್ಲ. "ಇಂಕೆವರೈನಾ ದಿಗಾರಾ?" ಇನ್ನು ಯಾರಾದರೂ ಇಳಿದಿದ್ದಾರೇನು? ಇಲ್ಲ ಎಂದೆ. ಅವನು ನೆಲದ ಮೇಲೆ ಮಲಗಿದ್ದ ಅಣ್ಣನನ್ನೂ ಅವನ ಕಾಲ ಮೇಲೆ ಕೂತಿದ್ದ ಮುದುಕನನ್ನೂ ನೋಡಿ, ಏನೂ ಕೇಳದೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬೆನ್ನಿಗೆ ಗಾಳಿಯ ಸಿಲಿಂಡರ್ ಏರಿಸಿದ. ಹಗ್ಗ ಕಟ್ಟಿಕೊಂಡು ಇಳಿದ. ಕೆಂಪು ಟೀ ಶರ್ಟಿನವನನ್ನು ಮೇಲೆತ್ತಿದಾಗ ಅವನ ತುಟಿ ನೀಲಿಯಾಗಿತ್ತು. ಆಂಬುಲೆನ್ಸಿನಲ್ಲಿ ಅಣ್ಣನೂ ಹೋದ.

ಬಿದ್ದವನು ಬದುಕಿದ. ಅಣ್ಣ ದಿನಾ ಆಸ್ಪತ್ರೆಗೆ ಹೋಗುತ್ತಿದ್ದ, ಬಾಗಿಲಲ್ಲಿ ನಿಂತು ನರ್ಸನ್ನು ವಿಚಾರಿಸಿ ತಿರುಗಿ ಬರುತ್ತಿದ್ದ. ಒಳಗೆ ಹೋಗುತ್ತಿರಲಿಲ್ಲ.

ಆಮೇಲೆ ನಾವು ಆಡಲಿಲ್ಲ. ಯಾರೂ ನಿಲ್ಲಿಸೋಣ ಎಂದು ಅನ್ನಲಿಲ್ಲ; ಫೋನುಗಳು ಚಾರ್ಜಿನಲ್ಲೇ ಉಳಿದವು. ಆಟದಲ್ಲಿ ಸೋತ ಮೇಲೆ ಆಡಿದ್ದನ್ನು ಮತ್ತೆ ತೋರಿಸುವ ಒಂದು ಸೌಕರ್ಯವಿದೆ. ಯಾರು ಎಲ್ಲಿದ್ದರು, ಗುಂಡು ಎಲ್ಲಿಂದ ಬಂತು, ನೀವು ಎತ್ತ ನೋಡುತ್ತಿದ್ದಿರಿ ಎಂದು ಬೇರೆಯವರ ಕಣ್ಣಿನಿಂದ ನೋಡಬಹುದು. ಹೊಸಬರು ಸುಧಾರಿಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಅದನ್ನು ನಿಲ್ಲಿಸುವ ಗುಂಡಿಯೂ ಅಲ್ಲೇ ಇರುತ್ತದೆ. ನನ್ನೊಳಗೆ ಆ ಬೆಳಿಗ್ಗೆ ತಾನಾಗಿ ಓಡುತ್ತದೆ, ಪ್ರತಿ ಸಲ ಬೇರೆ ಬಗೆಯಲ್ಲಿ. ನಾನು ಚಹಾ ಸೋಸಲು ಒಳಗೆ ಹೋಗಿರುತ್ತೇನೆ. ಅಪ್ಪ ಪೇಪರ್ ತರಲು ಅಂಗಡಿಗೆ ಹೋಗಿರುತ್ತಾರೆ. ಇಲ್ಲವೇ ಕೂಗುತ್ತೇನೆ, ಆದರೂ ಅಣ್ಣ ಎಷ್ಟೋ ಸಂಜೆಗಳಲ್ಲಿ ಮಾಡಿದಂತೆ "ಕಾಣವಲ್ಲ" ಎನ್ನುತ್ತಲೇ ಇಳಿಯುತ್ತಾನೆ. ಇನ್ನೊಂದು ಬಗೆಯೂ ಇದೆ. ಗಾಡಿ ತಡವಾಗಿ ಬರುತ್ತದೆ. ನಾವು ಮೂವರು ಅಣ್ಣನನ್ನು ಹಿಡಿದುಕೊಂಡು, ಒಳಗಿನವನು ಸಾಯುವುದನ್ನು ನೋಡುತ್ತ ಇರುತ್ತೇವೆ. ಆ ಬಗೆಯನ್ನು ನಾನು ಯಾರಿಗೂ ಹೇಳಿಲ್ಲ. ಹಾಗೆ ಆದಾಗಲೂ ನಾವು ಮಾಡಿದ್ದೇ ಸರಿ ಎಂಬುದು ನನ್ನನ್ನು ಇನ್ನಷ್ಟು ಹೆದರಿಸುತ್ತದೆ.

ಮನೆಯಲ್ಲಿ ಒಂದೇ ಸಲ ಆ ಮಾತು ಬಂತು, ಊಟದ ಹೊತ್ತಿಗೆ.

"ನಾ ನೆಲಕ್ಕ ಬಿದ್ದು ನೋಡಕೋತ ಇದ್ದೆ," ಎಂದ ಅಣ್ಣ, ತಟ್ಟೆ ನೋಡುತ್ತ. "ನಮ್ಮ ಊರ ಕಡೆಯಾಂವ. ಈಗಿನ್ನ ನಗಾಡಿದ್ದ."

"ಇಳದಿದ್ರ ಇಬ್ಬರನ್ನ ಎತ್ತಬೇಕಾಗತಿತ್ತು," ಎಂದಳು ವೈನಿ.

"ಅದು ಆಟ ಅಲ್ಲ."

"ಅಲ್ಲ ಅಂತನ ಹೇಳಾಕತ್ತೀನ್ರಿ. ಅಲ್ಲಿ ಸತ್ತರ ಮುಂದಿನ ಆಟಕ್ಕ ಎದ್ದು ಬರತಿದ್ರಿ." ಅಪ್ಪ ರೊಟ್ಟಿಯನ್ನು ಚೂರು ಮಾಡುತ್ತ ಕೂತರು, ತಿನ್ನಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ಆ ಯಾದಗಿರಿಯವನು ತಾನಾಗಿ ಬಂದ. ಬಿಟ್ಟುಹೋದ ಬಕೆಟ್ಟು, ಚಪ್ಪಲಿ ಕೇಳಲು. ಸೊರಗಿದ್ದ, ಕೆಮ್ಮು ಇನ್ನೂ ಇತ್ತು. ವೈನಿ ಒಳಗೆ ಕರೆದು ಕೂರಿಸಿ ಚಹಾ ಕೊಟ್ಟಳು. ಅಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ನನಗ ಏನೂ ನೆನಪಿಲ್ರಿ," ಎಂದ ಅವನು. "ಏಣಿ ಇಳದದ್ದು ನೆನಪೈತಿ, ದವಾಖಾನ್ಯಾಗ ಕಣ್ಣ ಬಿಟ್ಟಿದ್ದು ನೆನಪೈತಿ. ಮೊದಲ ಯಾರ ಇಳದ್ರಿ? ಸಾಹೇಬ್ರು ನೀವೇನು?"

ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಣ್ಣನೇ ಹೇಳಿದ.

"ಯಾರೂ ಇಳೀಲಿಲ್ಲಪಾ. ಫೈರ್‌ನವರು ಬಂದು ಇಳದ್ರು. ಅಲ್ಲೀತನ ನಾವು ಮ್ಯಾಲ ಇದ್ವಿ."

ಅವನು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದ. ಸಿಟ್ಟೇನೂ ಕಾಣಲಿಲ್ಲ. ಆಮೇಲೆ ನಕ್ಕ, ಆ ಬೆಳಿಗ್ಗೆ ನಕ್ಕಂತೆಯೇ.

"ನೀವು ಓದಿದ ಮಂದಿ, ತಡದೀರಿ. ನಾನಾಗಿದ್ರ ಇಳದಬಿಡತಿದ್ದೆ ನೋಡ್ರಿ. ನೀವು ಬಿದ್ದೀರಿ ಅಂದ್ರ ನಾ ನಿಂದರತಿದ್ದಿಲ್ಲ."

ಅಣ್ಣ ಚೌಕಟ್ಟು ಬಿಟ್ಟು ಬಂದು ಅವನೆದುರು ನೆಲದ ಮೇಲೆ ಕೂತ. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳಿತು.

"ಇಳೀಬ್ಯಾಡ," ಎಂದ. "ನಾ ಬಿದ್ದರೂ ಇಳೀಬ್ಯಾಡ. ನಿನ್ನ ಸ್ವಂತ ತಮ್ಮ ಬಿದ್ದರೂ ಇಳೀಬ್ಯಾಡ. ಮುಚ್ಚಳ ತಗಿ, ಗಾಳಿ ಬಿಡು, ಹಗ್ಗ ಕಟಗೋ, ಮಂದಿನ್ನ ಕರಿ."

"ಆ ಹೊತ್ತಿಗೆ ಅದೆಲ್ಲಾ ಯಾರಿಗೆ ನೆನಪಿರತೈತ್ರಿ ಯಣ್ಣಾ?"

ವೈನಿ ನನ್ನತ್ತ ನೋಡಿದಳು. ಇಷ್ಟು ದಿನ ನಾವು ಅಣ್ಣನಿಗೆ ಹೇಳಲು ಹವಣಿಸಿ ಹೇಳಲಾಗದ್ದನ್ನು ಅಣ್ಣ ಬೇರೊಬ್ಬನಿಗೆ ಹೇಳುತ್ತಿದ್ದ. ಅವನು ಅಣ್ಣನಂತೆಯೇ ಕೇಳದೆ ಕೂತಿದ್ದ.

ಅವನು ಬಕೆಟ್ಟು ಎತ್ತಿಕೊಂಡು ಎದ್ದ. ಬಸ್ ಸ್ಟಾಪಿನವರೆಗೆ ಬರುತ್ತೇನೆ ಎಂದು ಅಣ್ಣನೂ ಚಪ್ಪಲಿ ಮೆಟ್ಟಿದ. ಬಾಲ್ಕನಿಯಿಂದ ಇಬ್ಬರೂ ಕಾಣುತ್ತಿದ್ದರು. ಹನಿ ಬೀಳುತ್ತಿತ್ತು. ಅಣ್ಣ ಮುಚ್ಚಳ ಎತ್ತುವಂತೆ, ಹಗ್ಗ ಕಟ್ಟುವಂತೆ ಕೈಮಾಡಿ ವಿವರಿಸುತ್ತಿದ್ದ. ಅವನು ತಲೆಯ ಮೇಲೆ ಬಕೆಟ್ಟು ಬೋರಲು ಹಾಕಿಕೊಂಡು ನಗುತ್ತ, ಇಲ್ಲ ಎಂಬಂತೆ ಕೈಯಾಡಿಸುತ್ತಿದ್ದ. ಮಿಯಾಪುರದ ಬಸ್ಸು ಬಂತು, ನಿಂತಿತು, ಹೋಯಿತು. ಅವನು ಹತ್ತಲಿಲ್ಲ. ಅಣ್ಣ ಅವನ ತೋಳು ಹಿಡಿದು ಇನ್ನೂ ಹೇಳುತ್ತಲೇ ಇದ್ದ.